ಇಂಜಿನಿನ ಉಸಿರೂ ಎಣ್ಣೆ ಹಿಡಿಯುವ ಡಬ್ಬಿಯೂ

ಬೆಳ್ಳೂರಿನ ಕಡೆಯ ವಾಚಕರೊಬ್ಬರು ಬರೆದ ಪತ್ರ ಹೋದ ತಿಂಗಳು ಕೈಸೇರಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ಟರ್ಬೊ ಇಂಜಿನಿನ ಕಾರೊಂದನ್ನು ಕೊಂಡಿದ್ದಾನೆ. ಕಾರು ಯಾವ ತಕರಾರೂ ಇಲ್ಲದೆ ಓಡುತ್ತಿರುವಾಗಲೇ ‘ಆಯಿಲ್ ಕ್ಯಾಚ್ ಕ್ಯಾನ್’ ಎಂಬ ಅಲ್ಯುಮಿನಿಯಂ ಡಬ್ಬಿಯೊಂದನ್ನು ತರಿಸಿ ಬಾನೆಟ್ಟಿನೊಳಗೆ ಕೂರಿಸಲು ಹೊರಟಿದ್ದಾನಂತೆ. ಈ ಡಬ್ಬಿಯಿಂದ ಇಂಜಿನಿಗೆ ಉಪಕಾರವುಂಟೇ, ಅಲ್ಲ, ಇದೂ ಹುಡುಗರ ಶೋಕಿಗಳಲ್ಲಿ ಒಂದೇ ಎಂಬುದು ಅವರ ಪ್ರಶ್ನೆ. ನಮ್ಮ ಕಾಲದಲ್ಲಿ ಇಂಥದ್ದೊಂದನ್ನು ಕಂಡದ್ದಿಲ್ಲ ಎಂದೂ ಅವರು ಸೇರಿಸಿದ್ದಾರೆ.

ಉಪಕಾರವೂ ಉಂಟು, ಶೋಕಿಯೂ ಉಂಟು. ಆದರೆ ‘ಕಂಡದ್ದಿಲ್ಲ’ ಎಂಬ ಮಾತನ್ನು ಮಾತ್ರ ಒಪ್ಪುವುದು ಕಷ್ಟ. ವಿದ್ಯುತ್ತು ಬರುವ ಮೊದಲು, ಬಂದ ಮೇಲೂ ಅದು ಕೈಕೊಟ್ಟಾಗ, ನಮ್ಮ ತೋಟಗಳಲ್ಲಿ ಕೆರೆಯ ನೀರನ್ನು ಅಡಿಕೆಯ ಬುಡಕ್ಕೆ ಎತ್ತಿ ಕೊಟ್ಟ ಡೀಸೆಲ್ ಪಂಪುಗಳನ್ನು ನೆನೆಯಿರಿ. ಇಂಜಿನಿನ ಪಕ್ಕೆಯಲ್ಲಿ ಬ್ರೀದರ್ ಎಂಬ ಸಣ್ಣ ಭಾಗವೊಂದು ಇರುತ್ತಿತ್ತು. ಅದರ ಬಾಯಿಯಿಂದ ತೆಳುಹೊಗೆ ಹೊರಬರುತ್ತಿತ್ತು. ಕೆಳಗಿನ ಸಿಮೆಂಟು ಕಟ್ಟೆಯ ಮೇಲೆ ಕರಿಯ ಜಿಡ್ಡಿನ ಮಚ್ಚೆ ಬಿದ್ದಿರುತ್ತಿತ್ತು. ಜಾಣನಾದ ಆಳು ಅದರ ಕೆಳಗೆ ತೆಂಗಿನ ಗೆರಟೆಯೊಂದನ್ನು ಇಡುತ್ತಿದ್ದನು. ಆ ಗೆರಟೆಯೇ ಈ ಕ್ಯಾಚ್ ಕ್ಯಾನಿನ ಅಜ್ಜ.

ಇಂಜಿನಿಗೆ ಇಂಥ ಉಸಿರು ಏಕೆ ಬೇಕು? ಸಿಲಿಂಡರಿನೊಳಗೆ ಇಂಧನ ಉರಿದಾಗ ಹುಟ್ಟುವ ಒತ್ತಡ ಸೈಕಲ್ಲಿನ ಟಯರಿನ ಒತ್ತಡದ ಹತ್ತಾರು ಪಟ್ಟು. ಆ ಒತ್ತಡವನ್ನು ತಡೆದು ನಿಲ್ಲಿಸುವುದು ಪಿಸ್ಟನ್ನಿನ ಸುತ್ತ ಕೂರಿಸಿದ ಕೆಲವು ತೆಳು ಉಂಗುರಗಳು. ಮೆಕ್ಯಾನಿಕ್ಕುಗಳು ರಿಂಗು ಎನ್ನುವುದು ಇವನ್ನೇ. ಉಂಗುರವೆಂದ ಮೇಲೆ ಅದನ್ನು ತೊಡಿಸಲು ಒಂದೆಡೆ ಸೀಳು ಇರಲೇಬೇಕು. ಸೀಳು ಇದ್ದಲ್ಲಿ ಸೋರಿಕೆ ಇದ್ದೇ ಇರುತ್ತದೆ. ಹಾಗೆ ನುಸುಳಿ ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿಯುವ ಅನಿಲವನ್ನು ಇಂಗ್ಲಿಷಿನವರು ಬ್ಲೋ-ಬೈ ಎನ್ನುತ್ತಾರೆ. ನಾವು ನುಸುಳುಗಾಳಿ ಎನ್ನೋಣ. ಹೊಸ ಇಂಜಿನಿನಲ್ಲಿಯೂ ಇದು ಇರುತ್ತದೆ, ಸವೆದ ಇಂಜಿನಿನಲ್ಲಿ ಹೆಚ್ಚು.

ಈ ನುಸುಳುಗಾಳಿಯಲ್ಲಿ ಅರೆಬೆಂದ ಇಂಧನದ ಆವಿಯಿದೆ, ಹೊಗೆಯಿದೆ, ಎಲ್ಲಕ್ಕಿಂತ ಮುಖ್ಯವಾಗಿ ನೀರಿದೆ. ಬೆಂಕಿಯಿಂದ ನೀರೆಂದರೆ ಏಳನೆಯ ತರಗತಿಯ ಮಕ್ಕಳು ನಗುತ್ತಾರೆ. ಆದರೆ ಇಂಧನದಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿದರೆ ನೀರಲ್ಲದೆ ಇನ್ನೇನಾದೀತು? ಒಂದು ಲೀಟರ್ ಪೆಟ್ರೋಲು ಪೂರ್ತಿಯಾಗಿ ಉರಿದರೆ ಹೆಚ್ಚುಕಡಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಒಂದು ಪುಟ್ಟ ಪಾಲು ನುಸುಳುಗಾಳಿಯೊಡನೆ ಕೆಳಗಿಳಿಯುತ್ತದೆ. ಅಲ್ಲಿ ಕ್ರ್ಯಾಂಕು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ಎಣ್ಣೆಯನ್ನು ಕಡೆದು ಮಂಜಿನಂತೆ ಎರಚುತ್ತಿರುತ್ತದೆ. ಆವಿ, ಹೊಗೆ, ಎಣ್ಣೆಯ ಮಂಜು ಇವೆಲ್ಲ ಸೇರಿದ ಈ ಗಾಳಿಗೆ ದಾರಿ ಕೊಡದೆ ಮುಚ್ಚಿಟ್ಟರೆ ಒಳಗಿನ ಒತ್ತಡ ಏರಿ ಆಯಿಲ್ ಸೀಲುಗಳನ್ನು ಹೊರಕ್ಕೆ ನೂಕುತ್ತದೆ, ಡಿಪ್‌ಸ್ಟಿಕ್ಕನ್ನು ಮೇಲಕ್ಕೆಬ್ಬಿಸುತ್ತದೆ. ಎಣ್ಣೆಯೂ ಬೇಗ ಕೆಡುತ್ತದೆ.

ಹಿಂದಿನ ಕಾರುಗಳಲ್ಲಿ ಒಂದು ಕೊಳವೆಯನ್ನು ಇಂಜಿನಿನ ಅಡಿಗೆ ಇಳಿಬಿಟ್ಟು ಇದನ್ನೆಲ್ಲ ರಸ್ತೆಗೇ ಚೆಲ್ಲುತ್ತಿದ್ದರು. ಯುದ್ಧವಾಹನಗಳಿಗೆ ಇದು ಒಗ್ಗಲಿಲ್ಲ. ಹೊಳೆ ದಾಟುವಾಗ ಆ ಕೊಳವೆಯೇ ನೀರನ್ನು ಒಳಗೆಳೆಯಬಹುದು. ಆದುದರಿಂದ ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿ ಕ್ರ್ಯಾಂಕ್ ಕೇಸಿನ ಗಾಳಿಯನ್ನು ಸಣ್ಣ ವಾಲ್ವಿನ ಮೂಲಕ ಇಂಜಿನಿನ ಗಾಳಿಯ ದಾರಿಗೇ ತಿರುಗಿಸಿದ್ದರು. ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು ಇದೇ ಮನೆತನದ ಜೀಪುಗಳನ್ನು. ಬದಿಯಡ್ಕದಿಂದ ಮುಳ್ಳೇರಿಯದವರೆಗೆ ಹಿಂದೆಯೂ ಮುಂದೆಯೂ ಜನರನ್ನು ಜೋತಾಡಿಸಿಕೊಂಡು ಏರು ಹತ್ತುತ್ತಿದ್ದ ಜೀಪುಗಳ ವಂಶಾವಳಿ ಹೀಗೆ ಆ ಯುದ್ಧದವರೆಗೆ ಹೋಗುತ್ತದೆ.

ಊರಿಗೆಲ್ಲ ಕಡ್ಡಾಯವಾದದ್ದು ಬೇರೆ ಕಾರಣಕ್ಕಾಗಿ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಕಣ್ಣುರಿಸುವ ಕಂದು ಮಂಜು ಕವಿಯತೊಡಗಿದಾಗ ಅದರ ಮೂಲವನ್ನು ತೋರಿಸಿಕೊಟ್ಟವರು ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞರು. ಅದುವರೆಗೆ ಅನಾನಸಿನ ಪರಿಮಳದ ಮೇಲೆ ಸಂಶೋಧನೆ ಮಾಡುತ್ತಿದ್ದವರು ಅವರು! ಉರಿಯದ ಇಂಧನದ ಆವಿಯೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಆ ಮಂಜು ಹುಟ್ಟುತ್ತದೆಂದು ಅವರು ಸಿದ್ಧಪಡಿಸಿದರು. ಅಂದಿನ ಕಾರು ಹೊರಬಿಡುತ್ತಿದ್ದ ಇಂಧನದ ಆವಿಯಲ್ಲಿ ಸುಮಾರು ಐದನೆಯ ಒಂದು ಪಾಲು ಸೈಲೆನ್ಸರಿನಿಂದ ಅಲ್ಲ, ಕ್ರ್ಯಾಂಕ್ ಕೇಸಿನ ಕೊಳವೆಯಿಂದ ಬರುತ್ತಿತ್ತು. ೧೯೬೧ರ ಮಾದರಿಗಳಿಂದ ಕ್ಯಾಲಿಫೋರ್ನಿಯದಲ್ಲಿಯೂ ೧೯೬೩ರ ಮಾದರಿಗಳಿಂದ ಅಮೆರಿಕದ ಉಳಿದೆಡೆಗಳಲ್ಲಿಯೂ ಆ ಗಾಳಿಯನ್ನು ಮರಳಿ ಇಂಜಿನಿಗೇ ಉಣಿಸುವ ಏರ್ಪಾಡು ಬಂದಿತು. ಈಗ ನಮ್ಮಲ್ಲಿಯೂ ಪೆಟ್ರೋಲ್ ಕಾರಿನ ಕ್ರ್ಯಾಂಕ್ ಕೇಸಿನಿಂದ ಹೊರಗೆ ಏನೂ ಬರಕೂಡದೆಂಬುದೇ ನಿಯಮ.

ಊರಿನ ಗಾಳಿಗೆ ಇದರಿಂದ ಒಳ್ಳೆಯದಾಯಿತು. ಇಂಜಿನಿಗೆ? ತನ್ನ ಎಂಜಲನ್ನು ತಾನೇ ಉಣ್ಣಬೇಕಾಯಿತು. ಹಳೆಯ ಪೆಟ್ರೋಲ್ ಇಂಜಿನಿಗೆ ಅದು ಅಷ್ಟೇನೂ ಬಾಧಿಸಲಿಲ್ಲ, ಏಕೆಂದರೆ ಪೆಟ್ರೋಲಿನ ತುಂತುರು ವಾಲ್ವಿನ ಬೆನ್ನ ಮೇಲೆಯೇ ಬಿದ್ದು ಅಲ್ಲಿನ ಜಿಡ್ಡನ್ನು ತೊಳೆಯುತ್ತಿತ್ತು. ಇತ್ತೀಚಿನ ಡೈರೆಕ್ಟ್ ಇಂಜೆಕ್ಷನ್ ಇಂಜಿನುಗಳಲ್ಲಿ ಪೆಟ್ರೋಲು ನೇರವಾಗಿ ಸಿಲಿಂಡರಿಗೇ ಚಿಮ್ಮುತ್ತದೆ. ವಾಲ್ವನ್ನು ತೊಳೆಯುವವರು ಯಾರೂ ಇಲ್ಲ. ಎಣ್ಣೆಯ ಮಂಜು ಅಲ್ಲಿ ಬೆಂದು ಕರಿಯ ಹೊರಪದರವಾಗುತ್ತದೆ. ಅಡುಗೆಮನೆಯ ಅಟ್ಟದಲ್ಲಿ ಜೋಲುವ ಇಲ್ಲಣವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡೀಸೆಲ್ ಕಾರುಗಳ ಪಾಡು ಇನ್ನೊಂದು ಬಗೆ. ಅವುಗಳಲ್ಲಿ ಹೊಗೆಯ ಒಂದು ಪಾಲನ್ನೂ ಬೇಕೆಂದೇ ಒಳಕ್ಕೆ ಮರಳಿಸುತ್ತಾರೆ. ಆ ಹೊಗೆಯ ಮಸಿಯೂ ಈ ಎಣ್ಣೆಯೂ ಕಲೆತು ಗಾಳಿಯ ದಾರಿಯಲ್ಲಿ ಡಾಮರಿನಂತೆ ಕಟ್ಟಿಕೊಳ್ಳುತ್ತವೆ. ಟರ್ಬೊ ಇದ್ದರೆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಒಳಮೈಗೂ ಎಣ್ಣೆ ಹಿಡಿದು ಅದು ತಣಿಸುವುದು ಕಡಮೆಯಾಗುತ್ತದೆ. ಪೆಟ್ರೋಲಿನೊಡನೆ ಎಣ್ಣೆ ಬೆರೆತರೆ ಅದು ಹೊತ್ತಿಗೆ ಮುಂಚೆ ಹೊತ್ತಿಕೊಂಡು ಕುಟ್ಟಿದಂಥ ಸದ್ದೂ ಬರಬಹುದು. ಹೆಚ್ಚು ಬಲ ತೆಗೆಯಹೊರಟ ಇಂಜಿನಿಗೆ ಅದು ಅಪಾಯ.

ಇಲ್ಲಿಯೇ ನಮ್ಮ ಡಬ್ಬಿಯ ಪಾತ್ರ. ಅದನ್ನು ಬ್ರೀದರಿಗೂ ಗಾಳಿಯ ದಾರಿಗೂ ನಡುವೆ ಕೂರಿಸುತ್ತಾರೆ. ಒಳಬಂದ ಗಾಳಿ ವಿಶಾಲವಾದ ಜಾಗದಲ್ಲಿ ನಿಧಾನವಾಗುತ್ತದೆ, ತಣಿಯುತ್ತದೆ, ತಡೆಹಲಗೆಗೋ ಲೋಹದ ಜಾಲರಿಗೋ ತಾಗಿ ತಿರುಗುತ್ತದೆ. ಗಾಳಿ ತಿರುಗುತ್ತದೆ, ಭಾರವಾದ ಹನಿ ತಿರುಗಲಾರದೆ ಗೋಡೆಗೆ ಹೊಡೆದು ಕೆಳಗಿಳಿಯುತ್ತದೆ. ಕುದಿಯುವ ಸಾರಿನ ಮುಚ್ಚಳ ಎತ್ತಿದರೆ ಹನಿಗಳು ಸಾಲುಗಟ್ಟಿ ಉದುರುವುದಿಲ್ಲವೇ, ಅದೇ ಕ್ರಮ. ಒಳಗೆ ಜಾಲರಿಯಾಗಲಿ ತಡೆಯಾಗಲಿ ಇಲ್ಲದ ಬರಿಯ ಪೊಳ್ಳು ಡಬ್ಬಿಗಳೂ ಮಾರಾಟಕ್ಕಿವೆ. ಅವು ಹೊಳೆಯುವಷ್ಟು ಹಿಡಿಯುವುದಿಲ್ಲ. ಕೊಳ್ಳುವ ಮೊದಲು ಮುಚ್ಚಳ ತಿರುಗಿಸಿ ಒಳಗೆ ಇಣುಕಿ ನೋಡುವುದು ಲೇಸು.

ಓಟದ ಕಾರುಗಳಿಗೆ ಇದು ಶೋಕಿಯಲ್ಲ, ನಿಬಂಧನೆ. ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯಾದ ಎಫ್‌ಐಎಯ ನಿಯಮಾವಳಿಯಂತೆ, ಬ್ರೀದರು ಹೊರಕ್ಕೆ ತೆರೆದಿರುವ ಕಾರಿಗೆ ಎಣ್ಣೆ ಹಿಡಿಯುವ ಪಾತ್ರೆ ಇರಲೇಬೇಕು: ೨೦೦೦ ಸಿಸಿವರೆಗಿನ ಇಂಜಿನಿಗೆ ಕನಿಷ್ಠ ೨ ಲೀಟರ್, ಅದಕ್ಕೂ ಮೇಲಿನದಕ್ಕೆ ೩ ಲೀಟರ್. ಒಳಗೆಷ್ಟು ತುಂಬಿದೆಯೆಂದು ಹೊರಗಿನಿಂದ ಕಾಣುವಂತೆಯೂ ಇರಬೇಕು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿಯೋ ಚೆನ್ನೈ ಸಮೀಪದ ಇರುಂಗಾಟುಕೋಟೆಯಲ್ಲಿಯೋ ತಿರುವಿನ ಮೇಲೆ ತಿರುವು ಬರುವಾಗ ಎಣ್ಣೆ ಒಂದು ಬದಿಗೆ ನುಗ್ಗಿ ಬ್ರೀದರಿನ ಬಾಯಿಯವರೆಗೆ ಏರುತ್ತದೆ. ಅದು ರಸ್ತೆಗೆ ಚೆಲ್ಲಿದರೆ ಹಿಂದೆ ಬರುವವನ ಗಾಲಿ ಜಾರುತ್ತದೆ. ನಿಯಮ ಮಾಡಿದವರ ಕಣ್ಣು ಮುಖ್ಯವಾಗಿ ಆ ಹಿಂದೆ ಬರುವವನ ಮೇಲಿತ್ತು ಎಂಬುದನ್ನು ಮರೆಯಬಾರದು. ಬದಿಯಡ್ಕ ಪೇಟೆಗೆ ಹೋಗಿಬರುವ ಕಾರಿಗೆ ಎರಡು ಲೀಟರಿನ ಪಾತ್ರೆ ಬೇಡ.

ನಮ್ಮ ಪೇಟೆಯ ಓಟಕ್ಕೆ ಅದರದೇ ಕಷ್ಟವುಂಟು. ಕಳೆದ ಆಟಿ ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮದುವೆಗೆ ಮುಂಚೆ ಅವನು ತನ್ನ ಡೀಸೆಲ್ ಕಾರಿನ ಕಂಪ್ಯೂಟರನ್ನು ತಿದ್ದಿಸಿ, ಟರ್ಬೊದ ಒತ್ತಡ ಏರಿಸಿ, ಬಲ ಹೆಚ್ಚಿಸಿಕೊಂಡಿದ್ದ; ಜೊತೆಗೆ ಡಬ್ಬಿಯನ್ನೂ ಹಾಕಿಸಿದ್ದ. ಈಗ ಅದೇ ಕಾರಿನಲ್ಲಿ ವಾರಕ್ಕೆರಡು ಸಲ ತಂದೆಯನ್ನು ಚಿಕಿತ್ಸೆಗೆಂದು ಮಂಗಳೂರಿಗೆ ಕರೆದೊಯ್ಯಬೇಕು. ಆ ಎರಡು ವಾರ ಮಾತ್ರ ತಂದೆ ಮಂಗಳೂರಿನಲ್ಲಿ ಮಗಳ ಮನೆಯಲ್ಲಿಯೇ ಉಳಿದಿದ್ದುದರಿಂದ ದೂರದ ಓಟವಿರಲಿಲ್ಲ.

“ಮಾಷ್ಟ್ರೇ, ಎಂಥ ಇದು? ಡಬ್ಬಿ ತೆರೆದರೆ ಎಣ್ಣೆಯಿಲ್ಲ, ಗಂಜಿಯ ಹಾಗೆ ಬೆಳ್ಳಗೆ ತುಂಬಿದೆ. ಹೆಡ್ಡು ಒಡೆದು ನೀರು ಇಳಿಯುತ್ತಿದೆಯಾ ಅಂತ ಹೆದರಿಕೆ.”

“ರೇಡಿಯೇಟರಿನ ನೀರು ಕಡಮೆಯಾಗಿದೆಯೋ?”

“ಇಲ್ಲ. ಒಂದು ಚೂರೂ ಇಲ್ಲ.”

“ದಿನಕ್ಕೆ ಪೇಟೆಗೆ ಎಷ್ಟು ಸಲ ಹೋಗುತ್ತಿ, ಮಾರಾಯ?”

“ಮೂರು ಸಲ ಉಂಟು. ಅಂಗಡಿಗೆ ಸಾಮಾನು ತರಬೇಕಲ್ಲ.”

ಮಳೆಗಾಲದ ತಣ್ಣನೆಯ ಇಂಜಿನು ಎಂಟೋ ಹತ್ತೋ ಕಿಲೋಮೀಟರ್ ಓಡಿ, ಎಣ್ಣೆ ಸರಿಯಾಗಿ ಕಾಯುವ ಮೊದಲೇ ನಿಂತರೆ ಒಳಗಿನ ಆವಿ ಹೊರಹೋಗುವುದಿಲ್ಲ. ಗೋಡೆಗೆ ತಾಗಿ ನೀರಾಗಿ, ಎಣ್ಣೆಯೊಡನೆ ಕಡೆದುಕೊಂಡು ಹಾಲು ಹಾಕಿದ ಕಾಫಿಯ ಬಣ್ಣದ ಮಡ್ಡಿಯಾಗುತ್ತದೆ. ಅದರಲ್ಲಿ ಆಮ್ಲವೂ ಸೇರಿರುತ್ತದೆ. ಡಬ್ಬಿಯಂತೂ ಇಂಜಿನಿಗಿಂತ ತಣ್ಣಗಿರುವುದರಿಂದ ನೀರನ್ನು ಇನ್ನೂ ಹೆಚ್ಚು ಹಿಡಿಯುತ್ತದೆ. ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಬಗ್ಗೆ ಶಂಕಿಸಬೇಕು. ಅವನ ಕಾರಿನಲ್ಲಿ ಅದು ಇಳಿದಿರಲಿಲ್ಲ. ಮಂಗಳೂರಿಗೆ ಒಮ್ಮೆ ಹೋಗಿಬರುವಷ್ಟು ದೂರ ಓಡಿಸಿ, ಡಬ್ಬಿ ತೊಳೆದಿಟ್ಟು ನೋಡು ಎಂದೆ. ಮಡ್ಡಿ ಮಾಯವಾಯಿತು. ಒಳನಾಡಿನಲ್ಲಿರುವವರು ಡಬ್ಬಿಯನ್ನು ಎಷ್ಟು ದಿನಕ್ಕೊಮ್ಮೆ ಬರಿದು ಮಾಡುತ್ತಾರೋ, ನಮ್ಮ ಕಡೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಅದರ ಇಮ್ಮಡಿ ಸಲ ನೋಡಬೇಕಾಗುತ್ತದೆ. ಹೊಸದಾಗಿ ಹಾಕಿದವರು ಮೊದಲಿಗೆ ಐನೂರು ಕಿಲೋಮೀಟರಿಗೊಮ್ಮೆ ತೆರೆದು ನೋಡಲಿ. ತಮ್ಮ ಇಂಜಿನಿನ ಲೆಕ್ಕ ತಿಳಿದ ಮೇಲೆ ಅವಧಿಯನ್ನು ಹೆಚ್ಚಿಸಬಹುದು.

ಕತೆ ಅಲ್ಲಿಗೆ ಮುಗಿಯಲಿಲ್ಲ. ದಶಂಬರದಲ್ಲಿ ಅವನು ಮತ್ತೆ ಬಂದ. ಈಗ ಡಬ್ಬಿಯಲ್ಲಿ ನೀರಿಲ್ಲ. ಸಾವಿರ ಕಿಲೋಮೀಟರಿಗೆ ಅರ್ಧ ಲೋಟ ಕರಿ ಎಣ್ಣೆ. ಅವನಿಗೆ ಸಂತೋಷ. ಇಷ್ಟು ಎಣ್ಣೆ ಇಂಜಿನಿಗೆ ಹೋಗದಂತೆ ತಡೆಯಿತಲ್ಲ, ಇನ್ನೂ ದೊಡ್ಡದೊಂದು ಡಬ್ಬಿ ತರಿಸುತ್ತೇನೆ ಎಂದ. ಅದಕ್ಕಾಗಿ ಹಣವನ್ನೂ ತೆಗೆದಿಟ್ಟಿದ್ದ.

ವೈದ್ಯರು ರೋಗಿಯ ಕಫವನ್ನು ಏಕೆ ನೋಡುತ್ತಾರೆ? ಪಾತ್ರೆಯಲ್ಲಿ ಕಫ ಹೆಚ್ಚು ಬಿದ್ದಿತೆಂದು ಯಾವ ವೈದ್ಯರೂ ಪಾತ್ರೆಯನ್ನು ಹೊಗಳುವುದಿಲ್ಲ. ಆರೋಗ್ಯವಾದ ಕಾರಿನ ಡಬ್ಬಿಯಲ್ಲಿ, ನಾನು ನೋಡಿದ ಮಟ್ಟಿಗೆ, ಅಷ್ಟು ದೂರಕ್ಕೆ ಒಂದೆರಡು ಚಮಚದಷ್ಟು ಎಣ್ಣೆ ನಿಂತೀತು. ಅರ್ಧ ಲೋಟವೆಂದರೆ ನುಸುಳುಗಾಳಿ ಅತಿಯಾಗಿದೆ. ಇಂಜಿನು ನಿಂತಲ್ಲೇ ಓಡುತ್ತಿರುವಾಗ ಎಣ್ಣೆ ಹೊಯ್ಯುವ ಮುಚ್ಚಳವನ್ನು ಸಡಿಲಿಸಿ ಬಾಯಿಯ ಮೇಲೆ ಸುಮ್ಮನೆ ಇಡಲು ಹೇಳಿದೆ. ಸ್ವಲ್ಪ ಅಲುಗಾಡುವುದು ಸಹಜ. ಅವನ ಕಾರಿನಲ್ಲಿ ಮುಚ್ಚಳ ಕುಣಿಯಿತು, ಅಡಿಯಿಂದ ಹೊಗೆ ಬುಸುಬುಸು ಬಂದಿತು. ಇದು ನಿಖರವಾದ ಪರೀಕ್ಷೆಯಲ್ಲ, ಸೂಚನೆ ಮಾತ್ರ. ಕೆಲವು ಹೊಸ ಕಾರುಗಳಲ್ಲಿ ಮುಚ್ಚಳ ತೆಗೆದರೆ ಇಂಜಿನು ಎಡವಿದಂತಾಗುವುದೂ ಉಂಟು. ಮೆಕ್ಯಾನಿಕ್ಕಿನಲ್ಲಿ ಹೋಗಿ ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಅಳೆಸು, ಡಬ್ಬಿಯ ಹಣ ಅದಕ್ಕಿರಲಿ ಎಂದೆ.

ಅವನ ಮುಖ ಸಪ್ಪಗಾಯಿತು. ಡಬ್ಬಿಗೆ ಕೆಲವು ಸಾವಿರ ಸಾಕು. ಇಂಜಿನ್ ಬಿಚ್ಚಿದರೆ ಅದರ ಹತ್ತು ಪಟ್ಟಾದರೂ ಬೇಕು. ಮೇಲಾಗಿ, ಕಾರು ಹದಿನೈದು ದಿನ ವರ್ಕ್‌ಶಾಪಿನಲ್ಲಿ ನಿಂತರೆ ತಂದೆಯನ್ನು ಕರೆದೊಯ್ಯುವುದು ಹೇಗೆ? ನನಗೆ ಆ ಕಷ್ಟ ತಿಳಿಯದೆ ಇರಲಿಲ್ಲ. ಆದರೆ ಡೀಸೆಲ್ ಇಂಜಿನಿನಲ್ಲಿ ಇದನ್ನು ಮುಂದೂಡುವುದು ಸಾಮಾನ್ಯ ಸಂಗತಿಯಲ್ಲ. ಡೀಸೆಲ್ ಇಂಜಿನಿಗೆ ಕಿಡಿ ಬೇಕಾಗಿಲ್ಲ, ಉರಿಯುವಂಥದ್ದು ಯಾವುದು ಸಿಕ್ಕಿದರೂ ಸಾಕು. ತುಂಬಿ ತುಳುಕಿದ ಡಬ್ಬಿಯಿಂದಲೋ ಸವೆದ ರಿಂಗು, ಟರ್ಬೊಗಳಿಂದಲೋ ಎಣ್ಣೆ ಧಾರೆಯಾಗಿ ಗಾಳಿಯ ದಾರಿಗೆ ಹೋದರೆ ಇಂಜಿನು ತನ್ನ ಎಣ್ಣೆಯನ್ನೇ ಉರಿಸುತ್ತ ವೇಗ ಏರಿಸಿಕೊಳ್ಳುತ್ತದೆ. ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ. ಹಳೆಯ ಪಂಪುಗಳಲ್ಲಿ ಇಂಥದ್ದನ್ನು ಕಂಡವರು ಹಿರಿಯರಲ್ಲಿ ಇದ್ದಾರೆ. ಗಾಳಿ ಎಳೆಯುವ ಬಾಯಿಗೆ ಹಲಗೆಯೊತ್ತಿ ನಿಲ್ಲಿಸುತ್ತಿದ್ದರು. ಕಾರಿನಲ್ಲಿ ಗೇರು ಬದಲಿಸುವ ಸೌಕರ್ಯವಿದ್ದರೆ, ಬ್ರೇಕನ್ನು ಬಲವಾಗಿ ಒತ್ತಿ, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಇಂಜಿನನ್ನು ಉಸಿರುಕಟ್ಟಿಸಬೇಕು. ಅಂಗೈಯಿಂದ ಗಾಳಿಯ ಬಾಯಿ ಮುಚ್ಚಲು ಯಾರೂ ಹೋಗಕೂಡದು. ಬಾನೆಟ್ಟು ತೆರೆದು ಮುಂದೆ ನಿಲ್ಲಲೂಬಾರದು. ಇದು ಮಂಗಳೂರಿನ ಹೆದ್ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ರೋಗಿಯಿರುವಾಗ ಆದರೆ?

ಕೊನೆಗೆ ನೆಂಟರೊಬ್ಬರ ಜೀಪನ್ನು ಕೆಲವು ದಿನಕ್ಕೆ ಕೇಳಿ ಪಡೆದು ಕಾರನ್ನು ಬಿಚ್ಚಿಸಿದ. ಮೂರನೆಯ ಪಿಸ್ಟನ್ನಿನ ರಿಂಗುಗಳು ಮಸಿ ಕಟ್ಟಿ ತಮ್ಮ ಗಾಡಿಯಲ್ಲೇ ಕಚ್ಚಿಕೊಂಡಿದ್ದವು. ಹೆಚ್ಚಿಸಿದ ಟರ್ಬೊ ಒತ್ತಡವೇ ಇದಕ್ಕೆ ಪೂರ್ತಿ ಕಾರಣವೆಂದು ಹೇಳಲಾರೆ. ಒತ್ತಡ ಹೆಚ್ಚಿದಷ್ಟೂ ನುಸುಳುಗಾಳಿ ಹೆಚ್ಚುವುದಂತೂ ಸಹಜ. ಮೆಕ್ಯಾನಿಕ್ಕು ಇನ್ನೊಂದು ವಿಷಯವನ್ನೂ ತೋರಿಸಿಕೊಟ್ಟನಂತೆ. ಡಬ್ಬಿಗೆ ಜೋಡಿಸಿದ್ದ ಹೋಸು ಕಂಪೆನಿಯ ಹೋಸಿಗಿಂತ ಸಪುರದ್ದು, ತಿರುವಿನಲ್ಲಿ ಮಡಚಿಕೊಂಡೂ ಇತ್ತು. ಅರ್ಧ ಕಟ್ಟಿದ ಮೂಗಿನಲ್ಲಿ ಇಂಜಿನು ಇಷ್ಟು ಕಾಲ ಉಸಿರಾಡಿತ್ತು. ಡಬ್ಬಿ ಹಾಕುವವರು ಹೋಸಿನ ಒಳಗಾತ್ರವನ್ನು ಮೂಲಕ್ಕಿಂತ ಕಿರಿದು ಮಾಡಬಾರದು. ಎಣ್ಣೆಯ ಬಿಸಿಯನ್ನು ತಾಳುವ ಹೋಸನ್ನೇ ಕೊಳ್ಳಬೇಕು, ತೋಟದ ನೀರಿನ ಪೈಪಿನ ತುಂಡು ಆಗದು. ಈಗ ಅವನ ಡಬ್ಬಿಯಲ್ಲಿ ಚಮಚದ ಲೆಕ್ಕದಲ್ಲಿ ಎಣ್ಣೆ ನಿಲ್ಲುತ್ತದೆ. ಕಂಪ್ಯೂಟರಿನ ತಿದ್ದುಪಡಿಯನ್ನು ತೆಗೆಸಿದ್ದಾನೆ.

ಇನ್ನು ಬೆಳ್ಳೂರಿನವರ ಮಗನ ವಿಷಯ. ಅವನದು ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಕಾರಾಗಿದ್ದರೆ ಒಳ್ಳೆಯ ಡಬ್ಬಿಯಿಂದ ಕೊಂಚ ಪ್ರಯೋಜನವಾದೀತು. ಆದರೆ ವಾರೆಂಟಿಯ ಅವಧಿ ಮುಗಿಯುವ ಮೊದಲು ಹಾಕಿಸುವುದು ಬೇಡವೆಂದು ನನ್ನ ಅಭಿಪ್ರಾಯ. ನಾಳೆ ಯಾವುದೋ ಸೀಲು ಸೋರಿದರೆ ಕಂಪೆನಿಯವರ ಬೆರಳು ಮೊದಲು ಹೋಗುವುದು ಡಬ್ಬಿಯ ಕಡೆಗೇ. ಹೊಸ ಕಾರುಗಳಲ್ಲಿ ಎಣ್ಣೆ ಬೇರ್ಪಡಿಸುವ ಸಣ್ಣ ಕೋಣೆಯನ್ನು ತಯಾರಕರೇ ಕೊಟ್ಟಿರುತ್ತಾರೆ. ಹೊತ್ತಿಗೆ ಸರಿಯಾಗಿ ಒಳ್ಳೆಯ ಎಣ್ಣೆ ಬದಲಿಸುತ್ತಿದ್ದರೆ ಸಾಮಾನ್ಯ ಓಡಾಟಕ್ಕೆ ಅದು ಸಾಕು. ಹಾಕಿಸಿಯೇ ತೀರುವೆನೆಂದರೆ, ಒಳಬಂದ ಗಾಳಿ ಮರಳಿ ಇಂಜಿನಿಗೇ ಹೋಗುವ, ಎರಡು ಬಾಯಿಯ ಮುಚ್ಚಿದ ಡಬ್ಬಿಯನ್ನು ಹಾಕಿಸಲಿ. ಒಂದು ಬಾಯಿ ಇಂಜಿನಿಗೆ, ಇನ್ನೊಂದು ಬಾಯಿ ಬಯಲಿಗೆ ಎಂಬ ಮಾದರಿಯೊಂದಿದೆ. ತಲೆಯ ಮೇಲೆ ಪುಟ್ಟ ಫಿಲ್ಟರು ಇಟ್ಟಿರುತ್ತಾರೆ. ಓಟದ ಮೈದಾನದ ಹೊರಗೆ ಅದಕ್ಕೆ ಸ್ಥಳವಿಲ್ಲ. ಅದು ಮಾಲಿನ್ಯದ ನಿಯಮಕ್ಕೆ ವಿರುದ್ಧ. ಅದೂ ಅಲ್ಲದೆ, ಒಳಬಂದ ಗಾಳಿಯನ್ನು ಅಳೆದು ಇಂಧನ ಬಿಡುವ ಕಾರುಗಳಲ್ಲಿ ಲೆಕ್ಕವೇ ತಪ್ಪಿ ದೀಪ ಹೊತ್ತಿಕೊಳ್ಳುತ್ತದೆ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಹೇಳಿದೆ. ಡಬ್ಬಿಯ ಹೆಸರು ಆ ತೀರ್ಪಿನ ವಿಷಯವಲ್ಲ. ಆದರೆ ಬಾನೆಟ್ಟಿನೊಳಗೆ ಕೈಹಾಕುವ ಹುಡುಗರು ಅಂಥ ತೀರ್ಪೊಂದಿದೆ ಎಂದು ತಿಳಿದಿರುವುದು ಒಳ್ಳೆಯದು.

ಬಯಲಿಗೆ ಬಿಟ್ಟರೆ ಏನಾದೀತು, ಒಂದು ಕಾರಿನ ಹೊಗೆಯಲ್ಲವೇ ಎಂದು ಕೇಳುವವರಿದ್ದಾರೆ. ಕುಂಬ್ಡಾಜೆಯಲ್ಲಿ ನಿಂತು ಆ ಮಾತನ್ನು ಆಡುವುದು ನನಗಂತೂ ಆಗದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನು ಗಾಳಿಯಲ್ಲಿ ಎಲ್ಲಿಗೆ ಹೋಯಿತು, ತೋಡಿನ ನೀರಿನಲ್ಲಿ ಎಲ್ಲಿಗೆ ಇಳಿಯಿತು ಎಂಬುದನ್ನು ಕಂಡ ಪಂಚಾಯತುಗಳಲ್ಲಿ ನಮ್ಮದೂ ಒಂದು. ಇಂಜಿನಿನ ಎಣ್ಣೆಯನ್ನು ಅದಕ್ಕೆ ಹೋಲಿಸುವ ಉದ್ದೇಶ ನನಗಿಲ್ಲ, ಎರಡೂ ಒಂದೇ ಅಳತೆಯವಲ್ಲ.

ಆದರೂ ಡಬ್ಬಿಯಿಂದ ತೆಗೆದದ್ದನ್ನು ಎಲ್ಲಿ ಹೊಯ್ಯುವುದೆಂಬ ಪ್ರಶ್ನೆ ಉಳಿಯುತ್ತದೆ. ಅಂಗಳದ ಬದಿಗೆ, ತೋಡಿಗೆ, ತೆಂಗಿನ ಕಟ್ಟೆಗೆ ಬೇಡವೇ ಬೇಡ. ಹಳೆಯ ಎಣ್ಣೆಯನ್ನು ಗೆದ್ದಲು ಹಿಡಿಯದಂತೆ ಮರಕ್ಕೆ ಬಳಿಯುವ ರೂಢಿ ನಮ್ಮಲ್ಲಿದೆ. ಹಟ್ಟಿಯ ಕಂಬಕ್ಕೆ ಮಾತ್ರ ಅದನ್ನು ಬಳಿಯಬೇಡಿ, ದನಗಳು ನೆಕ್ಕುತ್ತವೆ. ಡಬ್ಬಿಯ ಎಣ್ಣೆಯಲ್ಲಂತೂ ನೀರು, ಆಮ್ಲ, ಇಂಧನ ಎಲ್ಲವೂ ಕಲೆತಿರುವುದರಿಂದ ಅದು ಮರಕ್ಕೂ ಆಗದು, ಇಂಜಿನಿಗೆ ಮರಳಿ ಹೊಯ್ಯಲಂತೂ ಸಲ್ಲದು. ಮುಚ್ಚಳವಿರುವ ಹಳೆಯ ಕ್ಯಾನೊಂದರಲ್ಲಿ ಕೂಡಿಟ್ಟು, ಮುಂದಿನ ಸಲ ಎಣ್ಣೆ ಬದಲಿಸಲು ಹೋದಾಗ ವರ್ಕ್‌ಶಾಪಿನವರು ಹಳೆ ಎಣ್ಣೆ ತುಂಬುವ ಪೀಪಾಯಿಗೆ ಸುರಿದು ಬರಬಹುದು. ನನ್ನ ವಿದ್ಯಾರ್ಥಿ ಈಗ ಹಾಗೆಯೇ ಮಾಡುತ್ತಿದ್ದಾನೆ. ಕ್ಯಾನಿನ ಮೇಲೆ ಮಕ್ಕಳು ಮುಟ್ಟದಂತೆ ಕೆಂಪು ಬಣ್ಣದಲ್ಲಿ ಬರೆದೂ ಇಟ್ಟಿದ್ದಾನೆ.